ಸೌ ಟಕ್ಕಾ ಪ್ಯೂರ್ ವೆಜ್

೨೭ ಜುಲೈ ೨೦೨೫, ಭಾನುವಾರ
ವಾಯ್ಸ್ ನೋಟ್. ಠಾಣೆಯಿಂದ ಲೀಲಾಧರ, ಬೇಲಾಪುರದ ಶೈಲೇಶನಿಗೆ

…ಹಾಗಲ್ಲ, ಪುನಃ ಮೊದಲಿಂದ ಹೇಳ್ತೇನೆ, ಬೇಜಾರು ಮಾಡ್ಬೇಡ ಶೈಲೇಶ. ಈಗಷ್ಟೇ ಕಳಿಸಿದ ಎರಡು ವಾಯ್ಸ್ ಡಿಲೀಟ್ ಮಾಡಿದೆ. ಒಂದರಲ್ಲಿ ನಾನು ನಿನಗೇ ಬೈದಿದ್ದೆ, ಇನ್ನೊಂದರಲ್ಲಿ ನನ್ನ ಮಾತಿಗಿಂತ ಗ್ರೈಂಡರಿನ ಸದ್ದು ಜಾಸ್ತಿ ಇತ್ತು. ಈಗ ಮಾಳಿಗೆಗೆ ಬಂದು ಅಕ್ಕಿ ಚೀಲದ ಮೇಲೆ ಕೂತಿದ್ದೇನೆ. ಊಟದವರು ಹೋಗಿ ಆಯ್ತು, ಚಾದವರು ಬರ್ಲಿಕ್ಕೆ ಇನ್ನೂ ಹೊತ್ತುಂಟು. ಭಾನುವಾರ ಈ ಹೊತ್ತಿಗೆ ನಾನು ಎಲ್ಲಿ ಇರ್ಬೇಕಿತ್ತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಹೋಟೆಲಿನ ಮೂಲೆ ಟೇಬಲ್, ಕೈ ತೊಳೆಯುವ ಬೇಸಿನಿನ ಹತ್ತಿರದ್ದು. ಆಫೀಸಿನವರ ರಶ್ಶು ಇಲ್ಲದ ದಿನ, ಇಬ್ಬರೇ, ಎದುರು ಬದುರು. ಇಷ್ಟು ವರ್ಷದಲ್ಲಿ ಅದು ತಪ್ಪಿದ್ದು ಮದುವೆಗೆ, ಸಾವಿಗೆ, ಮತ್ತೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕಿಗೆ. ಇವತ್ತು ಮೂರೂ ಇಲ್ಲ. ಆದ್ರೂ ತಪ್ಪಿತು.

ನೀನು ಫೋನ್ ಎತ್ತುದಿಲ್ಲ. ಹಾಗಾಗಿ ಕೋರ್ಟಿನಲ್ಲಿ ಹೇಳಿದ ಹಾಗೆ ಒಂದೊಂದೇ ಹೇಳ್ತೇನೆ, ಕೇಳು.

ಜೂನಿನಲ್ಲಿ ನನ್ನ ಹೋಟೆಲಿಗೆ ಒಬ್ಬಳು ಹುಡುಗಿ ಬಂದಳು. ಸೋನಾಲಿ ಅಂತ, ಇಲ್ಲೇ ವರ್ತಕ ನಗರದವಳು, ಬೀದಿ ನಾಯಿಗಳಿಗೆ ಅನ್ನ ಹಾಕಿಕೊಂಡು ತಿರುಗುವವಳು. ಅವರದ್ದೊಂದು ಪ್ರಾಣಿಗಳ ಸಂಘ. ಪ್ರಾಣಿಗಳದ್ದಲ್ಲ ಮಾರಾಯ, ಪ್ರಾಣಿಗಳ ಪರವಾಗಿ ಮಾತಾಡುವ ಮನುಷ್ಯರದ್ದು. ಜೊತೆಗೆ ಇನ್ನೂ ನಾಲ್ಕು ಜನ, ಒಂದು ಕ್ಯಾಮೆರಾ, ಒಂದು ಶಾಲು, ಒಂದು ತೆಂಗಿನಕಾಯಿ. ನನಗೆ ಗಲ್ಲೆಯಲ್ಲಿ ಬಿಲ್ಲು ಕೊಡುವವರ ರಶ್ಶು. ಅವಳು ಕೇಳಿದಳು, "ಕಾಕಾ, ಆಪ್ ಪ್ಯೂರ್ ವೆಜ್ ಹೈ ನಾ?" ನಾನು ತಲೆ ಎತ್ತದೆ ಹೇಳಿದೆ, "ಸೌ ಟಕ್ಕಾ ಪ್ಯೂರ್ ವೆಜ್. ತೀಸ್ ಸಾಲ್ ಸೇ." ನೂರಕ್ಕೆ ನೂರು, ಮೂವತ್ತು ವರ್ಷದಿಂದ ಅಂತ.

ಈಗ ನೀನೇ ಹೇಳು. ನಮ್ಮ ಕಸುಬಿನವರ ಹತ್ತಿರ "ಆಪ್" ಅಂದ್ರೆ, ನೀವು ಅಂದ್ರೆ, ಯಾರು? ಗಿರಾಕಿ ಫೋನ್ ಮಾಡಿ "ಆಪ್ ಕಿತನೇ ಬಜೇ ಬಂದ್ ಹೋತೇ ಹೋ" ಅಂತ ಕೇಳ್ತಾನೆ. ನಾವು "ಹಮ್ ಸಾಡೇ ದಸ್ ಬಜೇ ಬಂದ್ ಹೋತೇ ಹೈ" ಅಂತ ಹೇಳುದಿಲ್ವಾ? ಬಂದ್ ಆಗುದು ನಾನಾ? ಶಟರು. "ಆಪ್ ಎಸಿ ಹೋ ಕ್ಯಾ" ಅಂದ್ರೆ "ನಹೀ, ಹಮ್ ನಾನ್ ಎಸಿ ಹೈ" ಅಂತೇವೆ. ನನ್ನ ಮೈಗೆ ಎಸಿ ಹಾಕಿದ್ದಾರಾ? ಮಾವ ಹಾಕಿದ ಹೋಟೆಲು, ಮಾವ ಬರೆಸಿದ ಬೋರ್ಡು, ಶುದ್ಧ ಶಾಕಾಹಾರಿ. ಹುಡುಗಿ ಕೇಳಿದ್ದು ಹೋಟೆಲನ್ನು ಅಂತ ನಾನು ತಿಳ್ಕೊಂಡೆ. ಹೋಟೆಲು ಹೇಳಿದ್ದನ್ನು ಅವಳು ನಾನು ಹೇಳಿದ್ದು ಅಂತ ತಿಳ್ಕೊಂಡಳು. ಶಾಲು ಹೊದಿಸಿದರು, ಫೋಟೋ ತೆಗೆದರು, ನಾನು ನಕ್ಕೆ. ಚಾ ಕೊಟ್ಟೆ, ಕುಡಿಯಲಿಲ್ಲ, ಹಾಲು ಹಾಕಿದ್ದು ಬೇಡ ಅಂದರು. ಆಗಲೇ ನನಗೆ ಸಂಶಯ ಬರ್ಬೇಕಿತ್ತು.

ಅದು ಮುಗೀತು ಅಂತ ತಿಳ್ಕೊಂಡಿದ್ದೆ. ಅವರು ಗುರುವಾರ ಆ ಫೋಟೋವನ್ನು ನಾಲ್ಕು ಅಡಿ ಬೋರ್ಡು ಮಾಡಿ ನಿನ್ನ ಬಾಗಿಲಿಗೆ ತರ್ತಾರೆ ಅಂತ ನಾನು ಕನಸು ಕಂಡಿದ್ದೆನಾ? ಅದೂ ಗಟಾರಿಯ ದಿನ. ನಾವು ಆಟಿ ಅಮಾಸೆ ಅಂತ ಮುಖ ಸೊಟ್ಟ ಮಾಡಿ ಕಹಿ ಕಷಾಯ ಕುಡಿಯುವ ದಿನವೇ ಈ ಊರಿನವರು ಶ್ರಾವಣ ಹಿಡಿಯುವ ಮೊದಲಿನ ಕೋಳಿ ಮುಗಿಸುದು. ನಿನ್ನ ಹೋಟೆಲಿಗೆ ವರ್ಷದ ದೊಡ್ಡ ದಿನ. ಬಾಗಿಲಿನ ಹೊರಗೆ ಕ್ಯೂ. ಕ್ಯೂವಿನ ಎದುರು ನಾನು, ಶಾಲು ಹೊದ್ದುಕೊಂಡು, ಹಲ್ಲು ಬಿಟ್ಟುಕೊಂಡು. ಕೆಳಗೆ ಬರೆದದ್ದು, "ತೀಸ್ ಸಾಲ್ ಸೇ ಪ್ಯೂರ್ ವೆಜ್. ಆಪ್ ಕಬ್?" ನೀವು ಯಾವಾಗ ಅಂತ.

ನನಗೆ ಆ ಫೋಟೋ ಯಾರೋ ವಾಟ್ಸಾಪಿನಲ್ಲಿ ಕಳಿಸಿದರು. ನೋಡಿ ಮೊದಲು ನಗು ಬಂತು. ಸುಳ್ಳು ಹೇಳುದಿಲ್ಲ, ನಗು ಬಂತು. ಆಮೇಲೆ ಹಿಂದೆ ಗಾಜಿನ ಬಾಗಿಲಿನಲ್ಲಿ ನಿನ್ನ ಮುಖ ಕಂಡಿತು.

ಒಂದು ಮಾತು ಹೇಳು, ಬೈದಾದ್ರೂ ಹೇಳು. ಚಾದವರು ಬಂದ್ರು. ಇಡ್ತೇನೆ.
ನಿನ್ನ ಲೀಲಾಧರ

೧೦ ಆಗಸ್ಟ್, ಭಾನುವಾರ
ವಾಯ್ಸ್ ನೋಟ್. ಲೀಲಾಧರ, ಶೈಲೇಶನಿಗೆ

ನೀಲಿ ಟಿಕ್ ಬಿದ್ದಿದೆ. ಅಂದ್ರೆ ಕೇಳಿದ್ದಿ. ಕೇಳಿ ಸುಮ್ಮನಿದ್ದಿ. ಅಡ್ಡಿಲ್ಲ, ನಾನು ಇಬ್ಬರದ್ದೂ ಮಾತಾಡ್ತೇನೆ, ಅದೆಲ್ಲ ನನಗೆ ಅಭ್ಯಾಸ ಉಂಟು. ನಳಿನಾಕ್ಷಿ ಹೇಳ್ತಾಳೆ, "ನಿಮಗೆ ಹೆಂಡತಿ ಬೇಕಾಗಿರ್ಲಿಲ್ಲ, ಒಂದು ಗೋಡೆ ಸಾಕಿತ್ತು" ಅಂತ.

ನಾರಳಿ ಪೂರ್ಣಿಮೆ ಕಳೀತು, ದೋಣಿಗಳು ಸಮುದ್ರಕ್ಕೆ ಇಳಿದಾಯ್ತು. ನಮ್ಮ ಮನೆ ಹತ್ತಿರ ಡೊಂಬಿವಲಿ ಮಾರ್ಕೆಟಿಗೆ ಹೊಸ ಬಂಗುಡೆ ಬಂದಿದೆ, ಕಣ್ಣು ಇನ್ನೂ ಪಳಪಳ. ನಳಿನಾಕ್ಷಿ ಪುಳಿಮುಂಚಿ ಮಾಡಿದಳು. ಚಂದ ಆಗಿತ್ತು. ನಾನು ಹೇಳಿದೆ, "ಶೈಲೇಶನ ಹೋಟೆಲಿನಷ್ಟು ಹುಳಿ ಹತ್ತಲಿಲ್ಲ." ಅವಳು ತಟ್ಟೆ ಎತ್ತಿಕೊಂಡು ಹೋದಳು. ನಿನ್ನ ಕೋಪ ನನ್ನ ಮನೆಯ ಒಳಗೂ ಬಂತು, ನೋಡು.

ಇರ್ಲಿ. ನಾನು ಶಾಲು ವಾಪಸು ಕೊಟ್ಟು ಬಂದೆ. ಅದನ್ನು ಹೇಳ್ಲಿಕ್ಕೇ ಈ ವಾಯ್ಸ್.

ಸೋನಾಲಿ ಸಿಗುದು ಬೆಳಿಗ್ಗೆ ಕೆರೆಯ ಹತ್ತಿರ, ನಾಯಿಗಳ ಜೊತೆ. ಹೋದೆ. ಶಾಲನ್ನು ಮಡಿಸಿ ಕೈಯಲ್ಲಿಟ್ಟೆ. "ನಾನು ಮೀನು ತಿಂತೇನೆ, ಕೋಳಿ ತಿಂತೇನೆ, ಸಿಕ್ಕಿದ್ರೆ ಏಡಿಯನ್ನೂ ಬಿಡುದಿಲ್ಲ. ಶಾಕಾಹಾರಿ ನನ್ನ ಹೋಟೆಲು. ನೀನು ಬೋರ್ಡು ಹಿಡ್ಕೊಂಡು ನಿಂತೆಯಲ್ಲ, ಆ ಹೋಟೆಲಿನಲ್ಲಿ ನಾನು ಪ್ರತಿ ಭಾನುವಾರ ಉಣ್ಣುದು" ಅಂದೆ. ಅವಳ ಮುಖ ನೋಡ್ಬೇಕಿತ್ತು. "ಕಾಕಾ, ತುಮ್ಹಿ ಖೋಟಂ ಬೋಲಲಾತ?" ನಾನು ಹೇಳಿದೆ, ಸುಳ್ಳಲ್ಲ ಮಗಾ, ವ್ಯಾಕರಣ. ಅವಳಿಗೆ ಅರ್ಥ ಆಗಲಿಲ್ಲ, ಆಮೇಲೆ ಆಯ್ತು, ಆಮೇಲೆ ನಗು ಬಂತು, ನಗಬಾರದು ಅಂತ ನಾಯಿಯ ಕಡೆ ತಿರುಗಿದಳು.

ಫೋಟೋ ಎಲ್ಲ ಕಡೆಯಿಂದ ತೆಗೆಸ್ತೇನೆ ಅಂದಳು. ತೆಗೆಸಿದಳು ಕೂಡ, ನೋಡು ಬೇಕಾದ್ರೆ. ಅಷ್ಟಕ್ಕೆ ನಾನು ಬರ್ಬಹುದಿತ್ತು. ಆದ್ರೆ ನಿನಗೆ ನನ್ನ ಬಾಯಿ ಗೊತ್ತುಂಟಲ್ಲ. ನಾನು ಕೇಳಿದೆ, "ನಿಮ್ಮ ಸಂಘದಲ್ಲಿ ಕೋಳಿ ತಿನ್ನುವವರು ಎಷ್ಟು ಜನ?" ಒಬ್ಬರೂ ಇಲ್ಲ ಅಂದಳು, ದೊಡ್ಡ ಹೆಮ್ಮೆಯಲ್ಲಿ. "ಹಾಗಾದ್ರೆ ನನ್ನ ಶೈಲೇಶ ನಿಮ್ಮ ಮಾತು ಯಾಕೆ ಕೇಳ್ಬೇಕು? ಕಾಫಿಯೇ ಕುಡಿಯದ ಒಬ್ಬ ನನ್ನ ಹೋಟೆಲಿಗೆ ಬಂದು ಡಿಕಾಕ್ಷನ್ ಸಮ ಇಲ್ಲ ಅಂದ್ರೆ ನಾನು ಕೇಳ್ತೇನಾ? ದಿನಾ ಕುಡಿಯುವವನು ಒಮ್ಮೆ ಮುಖ ಸಿಂಡರಿಸಿದ್ರೆ ಸಾಕು, ಒಳಗೆ ಓಡಿ ಹೋಗ್ತೇನೆ. ನೀವು ಅವನ ಗಿರಾಕಿ ಅಲ್ಲ. ನೀವು ಬಿಟ್ರೂ ಅವನಿಗೆ ನಷ್ಟ ಇಲ್ಲ, ನೀವು ಯಾವತ್ತೂ ಹಿಡಿದವರೇ ಅಲ್ಲವಲ್ಲ."

ಒಳ್ಳೆ ಮಾತು ಹೇಳಿದೆ ಅಂತ ನನಗೇ ಖುಷಿ ಆಯ್ತು. ಅವಳು ನಾಯಿಗೆ ಅನ್ನ ಹಾಕಿ ಮುಗಿಸಿದಳು. ಆಮೇಲೆ ಹೇಳಿದಳು, ಅವಳ ಹಿಂದಿ ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳ್ತೇನೆ. "ಕಾಕಾ, ತಿನ್ನುವ ನೀವು ಮಾತಾಡದೆ ಕೂತದ್ದಕ್ಕೇ ತಿನ್ನದ ನಾವು ಮಾತಾಡ್ಬೇಕಾಯ್ತು."

ನನ್ನ ಬಾಯಿ ಬಂದ್. ನಿಜವಾಗಿ ಬಂದ್, ಶಟರು ಎಳೆದ ಹಾಗೆ.

ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ನಿನ್ನ ಹೋಟೆಲಿನ ಹಿಂದಿನ ಗಲ್ಲಿ. ಕೋಳಿಯವನ ಬೈಕು. ಎರಡೂ ಕಡೆ ಕೋಳಿಗಳ ಕಾಲು ಕಟ್ಟಿ ತಲೆಕೆಳಗಾಗಿ ನೇತು ಹಾಕಿದ್ದು, ರಸ್ತೆಗೆ ಕೊಕ್ಕು ತಾಗುವ ಹಾಗೆ. ಅವಳು ನಿನ್ನ ಬಾಗಿಲಿಗೆ ಬಂದದ್ದು ಅದಕ್ಕಂತೆ. ಒಂದು ವರ್ಷದಿಂದ ಆ ಕೋಳಿಯವನಿಗೆ ಹೇಳ್ತಾ ಇದ್ದಾಳೆ, ಅವನು "ಪಹಲೇ ಖಾನಾ ಸೀಖೋ, ಫಿರ್ ಸಿಖಾನಾ" ಅಂದನಂತೆ. ಮೊದಲು ತಿನ್ನುದು ಕಲಿ, ಆಮೇಲೆ ಕಲಿಸು ಅಂತ.

ಆ ಬೈಕು ನಾನೂ ನೋಡಿದ್ದೇನೆ, ನೀನೂ ನೋಡಿದ್ದಿ. ಕೈ ತೊಳೆಯುವಾಗ ಹಿಂದಿನ ಕಿಟಕಿಯಿಂದ ಸರಿಯಾಗಿ ಕಾಣ್ತದೆ. ನಮಗೆ ಅದರಲ್ಲಿ ಕಂಡದ್ದು ಬೈಕು ಮಾತ್ರ.

ಊರಿನಲ್ಲಿ ನನ್ನ ಅಮ್ಮ ಕೋಳಿ ಕೊಯ್ಯಿಸುವ ಮೊದಲು ಅದಕ್ಕೆ ನೀರು ಕುಡಿಸ್ತಿದ್ದಳು. ಅದು ತಲೆ ಎತ್ತಿ ನುಂಗುವವರೆಗೆ ಕತ್ತಿಗೆ ಕೈ ಹಾಕಬಾರದು. ನಿಮ್ಮ ಮನೆಯಲ್ಲೂ ಹಾಗೆಯೇ, ನಾನು ನೋಡಿದ್ದೇನೆ. ಪ್ರಾಣಿ ದಯೆ ಅಂತ ಆಗ ಯಾರೂ ಹೇಳ್ತಿರಲಿಲ್ಲ. ಹಾಗೆ ಮಾಡದಿದ್ರೆ ಗಂಟಲಲ್ಲಿ ಇಳಿಯುದಿಲ್ಲ ಅಂತ ಹೇಳ್ತಿದ್ರು, ಅಷ್ಟೇ. ತಲೆಕೆಳಗೆ ನೇತಾಡುವ ಕೋಳಿಗೆ ನೀರು ಹೇಗೆ ಕುಡಿಸ್ತಿ ಶೈಲೇಶ?

ನಾನು ತಿನ್ನುದು ಬಿಡುದಿಲ್ಲ, ಅದನ್ನು ಸೋನಾಲಿಗೂ ಹೇಳಿದ್ದೇನೆ. ಆದ್ರೆ ಆ ಕೋಳಿಯವನು ಸೋನಾಲಿ ಮಾತು ಕೇಳುದಿಲ್ಲ, ನಿನ್ನ ಮಾತು ಕೇಳ್ತಾನೆ. ನೀನು ನನ್ನ ಮಾತು ಕೇಳ್ಬೇಕು, ನಾನು ನಿನ್ನ ಗಿರಾಕಿ. ಪೆಟ್ಟಿಗೆಯಲ್ಲಿ ತರ್ಲಿಕ್ಕೆ ಹೇಳು. ಅಲ್ಲಿಯವರೆಗೆ ನಿನ್ನಲ್ಲಿ ಕೋಳಿ ಬೇಡ ನನಗೆ, ಮೀನು ಮಾತ್ರ ಹಾಕು.

ಹಾಕ್ತಿಯಾ ಇಲ್ವಾ ಅದಾದ್ರೂ ಹೇಳು.
ಲೀಲಾಧರ

೧೨ ಆಗಸ್ಟ್, ಮಂಗಳವಾರ
ವಾಟ್ಸಾಪ್ ಮೆಸೇಜ್. ಶೈಲೇಶ್, ಲೀಲಾಧರನಿಗೆ

ನಿನ್ನ ವಾಯ್ಸ್ ಪೂರ್ತಿ ಕೇಳಿದೆ. ಅಷ್ಟು ಹೊತ್ತಿಗೆ ಒಂದು ಸಿನೆಮಾ ನೋಡಬಹುದಿತ್ತು.

ಗಟಾರಿಯ ದಿನ ಎಂತ ಆಯ್ತು ಅಂತ ನಿನಗೆ ಗೊತ್ತಿಲ್ಲ. ನನ್ನ ಖಾಯಂ ಗಿರಾಕಿ, ಇಲ್ಲಿಯ ಸಿಡ್ಕೋ ಸರಕಾರಿ ಆಫೀಸಿನವರು, ಆ ಬೋರ್ಡು ನೋಡಿ ಕೇಳಿದರು, "ಈ ಮನುಷ್ಯ ಭಾನುವಾರ ನಿಮ್ಮ ಜೊತೆ ಕೂತು ಮೀನಿನ ತಲೆ ಚೀಪುವವರಲ್ವಾ" ಅಂತ. ನಾನು ಅಲ್ಲ ಅಂದೆ. ಬೇರೆ ಯಾರೋ ಅಂದೆ. ನನ್ನ ಬಾಗಿಲಿನಲ್ಲಿ ನಿಂತು, ನನ್ನ ಗಿರಾಕಿಗೆ, ನಿನ್ನ ಮಾನ ಉಳಿಸ್ಲಿಕ್ಕೆ, ನಿನ್ನ ಗುರುತೇ ಇಲ್ಲ ಅಂದೆ. ವ್ಯಾಕರಣ ಅಂತೆ.

ಈಗ ನೀನು ನನ್ನ ಕೋಳಿಯ ಕಾಲಿನ ವಿಷಯ ಮಾತಾಡ್ತಿ. ನಿನ್ನ ಹಾಲು ಎಲ್ಲಿಂದ ಬರ್ತದೆ, ತುಪ್ಪ ಎಲ್ಲಿಂದ ಬರ್ತದೆ, ಒಮ್ಮೆ ಹೋಗಿ ನೋಡಿದ್ದೀಯಾ? ನನ್ನ ಕಿಟಕಿಯಲ್ಲಿ ಬೈಕಾದ್ರೂ ಕಾಣ್ತದೆ. ನಿನ್ನದು ಪ್ಯೂರ್ ವೆಜ್, ಅಲ್ಲಿ ಕಿಟಕಿಯೇ ಇಲ್ಲ.

ನೋಡಿ ಬಂದು ಹೇಳು. ಅಲ್ಲಿಯವರೆಗೆ ಈ ಟೇಬಲಿಗೆ ಬರ್ಬೇಡ.
ಶೈಲೇಶ್

೩೧ ಆಗಸ್ಟ್, ಭಾನುವಾರ
ವಾಯ್ಸ್ ನೋಟ್. ಲೀಲಾಧರ, ಶೈಲೇಶನಿಗೆ

ಹೋಗಿದ್ದೆ.

ಕಲ್ಯಾಣದಲ್ಲಿ ಇಳಿದು ರಿಕ್ಷಾ ಮಾಡಿ, ಭಿವಂಡಿ ರಸ್ತೆಯಲ್ಲಿ ಗೋದಾಮುಗಳೆಲ್ಲ ಮುಗಿದ ಮೇಲೆ ಒಳಗೆ ಹೋಗ್ಬೇಕು. ನಮ್ಮ ಹಾಲಿನವನ ತಬೇಲಾ, ಎಮ್ಮೆಯ ಕೊಟ್ಟಿಗೆ, ಅಲ್ಲಿ. ಮಾವನ ಕಾಲದಿಂದ ಹಾಲು ಹಾಕುವ ಮನೆ, ಅವನ ಅಪ್ಪನೂ ನಮಗೇ ಹಾಕ್ತಿದ್ದ, ಮಗಳ ಮದುವೆಗೆ ಮಿಠಾಯಿ ಕಳಿಸಿದ್ದೇನೆ. ತಬೇಲಾ ಮಾತ್ರ ನೋಡಿರ್ಲಿಲ್ಲ. ನನ್ನನ್ನು ನೋಡಿ ಅವನಿಗೆ ಗಾಬರಿ, "ಕ್ಯಾ ಹುಆ ಸೇಠ್, ದೂಧ್ ಫಟಾ ಕ್ಯಾ?" ಇಲ್ಲ ಮಾರಾಯ, ಹಾಲು ಒಡೆದಿಲ್ಲ, ಸುಮ್ಮನೆ ನೋಡ್ಲಿಕ್ಕೆ ಬಂದೆ ಅಂದೆ. ಸುಮ್ಮನೆ ನೋಡ್ಲಿಕ್ಕೆ ಬರುವ ಗಿರಾಕಿ ಅವನಿಗೆ ಮೊದಲ ಸಲ ಅಂತ ಕಾಣ್ತದೆ. ಮಂಚ ತಂದು ಹಾಕಿದ.

ಎಮ್ಮೆಗಳು ಸಾಲಾಗಿ. ಹಗ್ಗ ಗಿಡ್ಡ. ಮಲಗಬಹುದು, ನಿಲ್ಲಬಹುದು, ತಿರುಗ್ಲಿಕ್ಕಿಲ್ಲ. ಅದನ್ನು ನಾನು ಸಹಿಸಿಕೊಂಡೆ, ಲೋಕಲ್ ಟ್ರೈನಿನಲ್ಲಿ ನಾವು ಹೋಗುದೂ ಹಾಗೆಯೇ ಅಂತ ಹೇಳ್ಕೊಂಡೆ. ಕೊನೆಯಲ್ಲಿ ಒಂದು ಎಮ್ಮೆ ಎಂತದ್ದನ್ನೋ ನೆಕ್ತಾ ಇತ್ತು. ಹತ್ತಿರ ಹೋದೆ. ಒಂದು ಕರುವಿನ ಚರ್ಮ ಶೈಲೇಶ. ಒಳಗೆ ಹುಲ್ಲು ತುಂಬಿಸಿ ಹೊಲಿದು, ನಾಲ್ಕು ಕಾಲಿಗೆ ನಾಲ್ಕು ಕೋಲು. ಕಂಬಕ್ಕೆ ಒರಗಿಸಿ ಇಟ್ಟಿದ್ದಾರೆ. ಎಮ್ಮೆ ಅದನ್ನು ನೆಕ್ಕುತ್ತದೆ, ಕೆಳಗೆ ಹಾಲು ಇಳೀತದೆ, ಆಳು ಹಿಂಡ್ತಾ ಇದ್ದಾನೆ. ನೆಕ್ಕಿ ನೆಕ್ಕಿ ಆ ಚರ್ಮದ ಒಂದು ಬದಿಯಲ್ಲಿ ರೋಮವೇ ಇರ್ಲಿಲ್ಲ.

"ಕರು ಸತ್ತಿತು ಸೇಠ್, ಇದನ್ನು ನೋಡಿದ್ರೆ ಮಾತ್ರ ಹಾಲು ಬಿಡ್ತದೆ" ಅಂದ. ಹೇಗೆ ಸತ್ತಿತು ಅಂತ ಕೇಳಿದೆ. "ಪಾಡಾ ಥಾ" ಅಂದ. ಗಂಡುಕರು, ದೊಡ್ಡದಾದ್ರೂ ಹಾಲು ಕೊಡದ್ದು. ನಾನು ಕೇಳಿದ್ದು ಹೇಗೆ ಸತ್ತಿತು ಅಂತ. ಅವನು ಕೊಟ್ಟ ಉತ್ತರ ಗಂಡು ಅಂತ. ಅವನಿಗೆ ಅದರಲ್ಲಿ ಎಲ್ಲ ಹೇಳಿ ಆಯ್ತು. ನನಗೂ ಆಯ್ತು.

ಅವನು ಕೆಟ್ಟವನಲ್ಲ. ಬರುವಾಗ ಒಂದು ಲೋಟ ಹಾಲು ತಂದು ಕೈಯಲ್ಲಿಟ್ಟ, ಬಿಸಿ ಬಿಸಿ, ನೊರೆ ನೊರೆ. ನಾನು ಲೋಟ ಹಿಡ್ಕೊಂಡು ನಿಂತೆ. ಆ ಕಡೆ ನಾಲಗೆಯ ಸದ್ದು, ಒಣ ಚರ್ಮದ ಮೇಲೆ ನಾಲಗೆಯ ಸದ್ದು ನೀನು ಕೇಳಿದ್ದೀಯಾ? ಸೋನಾಲಿ ನನ್ನ ಚಾ ಯಾಕೆ ಮುಟ್ಟಲಿಲ್ಲ ಅಂತ ಆಗ ತಲೆಗೆ ಹೋಯ್ತು. ನಾನು ಕುಡಿದೆ. ಕುಡಿದೆ ಮಾರಾಯ, ಸುಳ್ಳು ಯಾಕೆ ಹೇಳ್ಬೇಕು. ಎದುರು ನಿಂತು ಕೊಟ್ಟವನ ಮುಖಕ್ಕೆ ಬೇಡ ಅನ್ಲಿಕ್ಕೆ ಆಗಲಿಲ್ಲ. ಇಷ್ಟು ವರ್ಷ ಗಿರಾಕಿಗೆ ನಾನು ಕೊಟ್ಟದ್ದನ್ನೇ ನಾನು ಕುಡಿದದ್ದು.

ಚೌತಿಗೆ ಮೋದಕ ಮಾಡಿದೆವು, ಆ ಹಾಲಿನ ತುಪ್ಪದಲ್ಲೇ. ಎಲ್ಲರೂ ಚಂದ ಆಗಿದೆ ಅಂದ್ರು.

ಈಗ ಕೇಳು, ನಾನು ಅಳ್ತಾ ಕೂತವನಲ್ಲ. ಹಾಲು ಇಲ್ಲದೆ ನನ್ನ ಹೋಟೆಲು ಇಲ್ಲ, ಕೋಳಿ ಇಲ್ಲದೆ ನಿನ್ನ ಹೋಟೆಲು ಇಲ್ಲ. ಸೋನಾಲಿಗೆ ಫೋನ್ ಮಾಡಿ ಹೇಳಿದೆ, "ನೀನು ಗೆದ್ದೆ ಅಂತ ತಿಳ್ಕೋಬೇಡ, ಕರು ತಾಯಿಯ ಹತ್ತಿರ ಇರುವ ಒಂದು ತಬೇಲಾ ನನಗೆ ಹುಡುಕಿ ಕೊಡು." ಅವಳು, "ಕಾಕಾ, ನಾವು ಹಾಲು ಬಿಡಿ ಅಂತ ಹೇಳುವವರು, ಹಾಲು ಹುಡುಕಿ ಕೊಡುವವರಲ್ಲ" ಅಂದಳು. ನಾನು, "ಬಿಡುವವರು ಬಿಡ್ಲಿ. ಬಿಡದವರ ಕೈಗೆ ಎಮ್ಮೆಯನ್ನು ಬಿಟ್ಟು ಹೋಗ್ತಿಯಾ?" ಅಂದೆ. ಬೈದಳು. ಎರಡು ದಿನ ಬಿಟ್ಟು ಒಂದು ವಿಳಾಸ ಕಳಿಸಿದಳು, ಕಲ್ಯಾಣದ ಆಚೆ. ಕೆಳಗೆ ಬರೆದಿದ್ದಳು, "ಇದಕ್ಕೆ ನನ್ನ ಒಪ್ಪಿಗೆ ಇಲ್ಲ." ಇರ್ಲಿ. ಒಪ್ಪಿಗೆ ಇಲ್ಲದೆ ಕೊಟ್ಟ ವಿಳಾಸವೂ ವಿಳಾಸವೇ.

ನೋಡಿ ಬಂದು ಹೇಳು ಅಂದಿದ್ದಿ. ನೋಡಿದೆ, ಬಂದೆ, ಹೇಳಿದೆ. ಇನ್ನು ನಿನ್ನ ಬಾರಿ.
ಲೀಲಾಧರ

೯ ಸೆಪ್ಟೆಂಬರ್, ಮಂಗಳವಾರ
ವಾಟ್ಸಾಪ್ ಮೆಸೇಜ್. ಶೈಲೇಶ್, ಲೀಲಾಧರನಿಗೆ

ಆ ಹುಲ್ಲಿನ ಕರುವಿನ ವಾಯ್ಸ್ ಅಡುಗೆಯವರಿಗೂ ಕೇಳಿಸಿದೆ. ಮುಗಿದ ಮೇಲೆ ಪುನಃ ಹಾಕಿ ಅಂದ್ರು.

ಕೋಳಿಯವನಿಗೆ ಹೇಳಿದೆ. ನಕ್ಕ. "ಸೇಠ್, ಕಾಟನಾ ಹೀ ಹೈ ನಾ" ಅಂದ. ಹೇಗೂ ಕೊಯ್ಯುದೇ ಅಲ್ವಾ ಅಂತ. ಅವನಿಗೆ ಎಂತ ಉತ್ತರ ಕೊಡುದು ಅಂತ ಗೊತ್ತಾಗಲಿಲ್ಲ. ನಿನಗಾದ್ರೆ ಬಾಯಿ ಉಂಟು.

ಬಾ ಅಂತ ಹೇಳುದಿಲ್ಲ. ಇನ್ನೂ ಕೋಪ ಹೋಗಲಿಲ್ಲ.
ಶೈಲೇಶ್

೨೧ ಸೆಪ್ಟೆಂಬರ್, ಭಾನುವಾರ
ವಾಯ್ಸ್ ನೋಟ್. ಲೀಲಾಧರ, ಶೈಲೇಶನಿಗೆ

ಹೇಗೂ ಕೊಯ್ಯುದೇ ಅಲ್ವಾ ಅಂದ್ರೆ, ನಾವೂ ಹೇಗೂ ಸಾಯುದೇ ಅಲ್ವಾ. ಹಾಗಂತ ಅವನನ್ನು ಕಾಲು ಕಟ್ಟಿ ಬೈಕಿಗೆ ನೇತು ಹಾಕಿ ಬೇಲಾಪುರ ಸುತ್ತಿಸ್ತೀಯಾ ಕೇಳು. ಇದು ಉತ್ತರ. ಹನ್ನೆರಡು ದಿನ ತಡ ಆಯ್ತು, ಕ್ಷಮಿಸು, ಬೋರ್ಡಿನ ಕೆಲಸದಲ್ಲಿದ್ದೆ.

ಯಾವ ಬೋರ್ಡು ಅಂತ ಕೇಳು. ನನ್ನದೇ. ಮಾವ ಬರೆಸಿದ್ದು. ನಾಳೆ ನವರಾತ್ರಿ ಅಲ್ವಾ, ಪ್ರತಿ ವರ್ಷ ಈ ಹೊತ್ತಿಗೆ ಪೇಂಟ್ ಮಾಡಿಸುದು. ಪೇಂಟರ್ ಏಣಿ ಹತ್ತಿ ಕೇಳಿದ, "ಶುದ್ಧ ಕೋ ದೋ ಹಾಥ್ ಮಾರೂಂ?" ಎರಡು ಕೋಟ್ ಹೊಡೀಲಾ ಅಂತ. ನಾನು ಹೇಳಿದೆ, ಹೊಡಿ, ಅಕ್ಷರದ ಮೇಲೆ ಅಲ್ಲ, ಅಕ್ಷರವೇ ಕಾಣದ ಹಾಗೆ ಹೊಡಿ. ಅವನು ಏಣಿಯಿಂದ ಇಳಿದು ಬಂದು ನನ್ನ ಮುಖ ನೋಡಿದ.

ಈಗ ಬೋರ್ಡಿನಲ್ಲಿ ಬರೀ "ಶಾಕಾಹಾರಿ" ಉಂಟು. ಶುದ್ಧ ಇದ್ದ ಜಾಗದಲ್ಲಿ ಹಸಿರು. ಊಟ ಅದೇ, ಇಡ್ಲಿ ಅದೇ, ಹಾಲು ಮಾತ್ರ ಸೋನಾಲಿ ಕೊಟ್ಟ ವಿಳಾಸದ್ದು. ಮೊಟ್ಟೆ ಹೊಕ್ಕಿಲ್ಲ, ಮೀನು ಹೊಕ್ಕಿಲ್ಲ. ಆ ಶಬ್ದ ಮಾತ್ರ ಇನ್ನು ನನ್ನ ಬಾಯಲ್ಲಿ ಬರುದಿಲ್ಲ, ಹಾಗಾದ್ರೆ ತಲೆಯ ಮೇಲೆ ಯಾಕೆ?

ಆದ್ರೆ ಗಿರಾಕಿಗಳು! ಪೇಂಟ್ ಆದ ಮರುದಿನ ಬೆಳಿಗ್ಗೆಯೇ ಬಂದ್ರು ದಾನಮ್ಮ. ಧಾರವಾಡದ ಕಡೆಯವರು, ಮಗನ ಮನೆಗೆ ಬಂದು ಇಲ್ಲೇ ಉಳಿದವರು, ದಿನಾ ಒಂದು ಚಾ. ಹೊರಗೆ ನಿಂತು ಬೋರ್ಡು ನೋಡಿದ್ರು, ಕನ್ನಡಕ ತೆಗೆದು ಒರೆಸಿ ಪುನಃ ನೋಡಿದ್ರು. "ಏನ್ರೀ ಲೀಲಾಧರ, ಶುದ್ಧ ಎಲ್ಲಿ ಹೋತು? ತತ್ತಿ ಗಿತ್ತಿ ಇಟ್ಟೀರೇನು ಒಳಗ?"

"ತತ್ತಿ ಇಲ್ಲ ದಾನಮ್ಮ. ಎಲ್ಲ ಮೊದಲಿನ ಹಾಗೆ. ಶುದ್ಧ ಮಾತ್ರ ತೆಗೆಸಿದೆ."

"ಯಾಕ, ಅದಕ್ಕೇನ್ ಬ್ಯಾನಿ ಬಂದಿತ್ತು?"

ಅವರಿಗೆ ತಬೇಲಾದ ಕಥೆ ಪೂರ್ತಿ ಹೇಳಿದೆ. ಹೇಳಬಾರದಿತ್ತೇನೋ, ಚಾ ಕುಡಿಯುವ ಮೊದಲು. ಅವರು ಸೆರಗು ಬಾಯಿಗೆ ಹಿಡ್ಕೊಂಡು ಕೂತ್ರು. ಎದ್ದು ಹೋಗ್ತಾರೆ ಅಂತ ತಿಳ್ಕೊಂಡೆ. ಸೆರಗು ಇಳಿಸಿ, "ಈಗಿನ ಹಾಲಿನ ಎಮ್ಮಿಗೆ ಕರ ಐತೇನು?" ಅಂದ್ರು. ಉಂಟು, ಕಣ್ಣಾರೆ ನೋಡಿದ್ದೇನೆ ಅಂದೆ. "ಹಂಗಾರ ಒಂದು ಚಾ ತರ್ರಿ, ಶುದ್ಧ ಇಲ್ಲದ್ದು."

ಎಲ್ಲರೂ ದಾನಮ್ಮ ಅಲ್ಲ. ಇಬ್ಬರು ಖಾಯಂ ಗಿರಾಕಿ ಬರುದು ಬಿಟ್ರು. ಒಬ್ಬರು ಬೋರ್ಡಿಗೆ ಕೈ ಮುಗಿದು ಆಚೆ ಹೋದರು, ಸತ್ತವರ ಮನೆ ಎದುರು ಹೋದ ಹಾಗೆ. ಹೊಸ ಮೊಸರು ತೆಳು ಅಂತ ಮನೀಶನಿಗೆ, ಗಲ್ಲೆಯಲ್ಲಿ ಕೂರುವ ನಮ್ಮ ಮನೀಶನಿಗೆ, ದಿನಾ ಬೈಗಳು. ನಳಿನಾಕ್ಷಿ ಕೇಳಿದಳು, "ಮಾವ ಇದ್ದಿದ್ರೆ ಎಂತ ಹೇಳ್ತಿದ್ರು?" ಮಾವ ಇದ್ದಿದ್ರೆ ನನ್ನನ್ನು ಏಣಿಗೆ ಕಟ್ಟಿ ಹಾಕ್ತಿದ್ರು. ಆದ್ರೆ ತಬೇಲಾ ನೋಡಿದ್ದು ನಾನು, ಮಾವ ಅಲ್ಲ.

ಸೋನಾಲಿ ಬಂದು ಬೋರ್ಡು ನೋಡಿದಳು. ಹೊಗಳ್ತಾಳೆ ಅಂತ ಕಾದೆ. "ಕಾಕಾ, ಶಾಕಾಹಾರಿ ಅನ್ನುದೂ ಸುಳ್ಳೇ. ತುಪ್ಪ ಯಾವ ಗಿಡದಲ್ಲಿ ಬೆಳೀತದೆ?" ಅಂದಳು. ನನಗೆ ಕೋಪ ಬರಲಿಲ್ಲ. ಇಂಥವಳೊಬ್ಬಳು ಊರಿಗೆ ಬೇಕು, ಯಾವ ಚಾ ಕೊಟ್ರೂ ಸಮ ಇಲ್ಲ ಅ‌ನ್ನುವವಳು. ಅವಳು ಹೇಳ್ತಾ ಇರ್ಲಿ, ನಾನು ತಿಂತಾ ಇರ್ತೇನೆ. ನಡುವೆ ಎಮ್ಮೆಗೆ ಹಗ್ಗ ಸ್ವಲ್ಪ ಉದ್ದ ಆದ್ರೆ ನನ್ನ ಲೆಕ್ಕದಲ್ಲಿ ಅದು ದೊಡ್ಡದು.

ಒಂದು ಸಂಗತಿ ಮಾತ್ರ ನಿನಗೆ ಹೇಳಿಯೇ ಇಲ್ಲ. ಸಿಡ್ಕೋದವರಿಗೆ ನನ್ನ ಗುರುತಿಲ್ಲ ಅಂದೆಯಲ್ಲ, ಅದನ್ನು ಓದಿದ ಮೇಲೆ ನಾನು ಎರಡು ಸಲ ಬೇಲಾಪುರದ ಟಿಕೆಟು ತೆಗೆದು, ಠಾಣೆಯ ಪ್ಲಾಟ್‌ಫಾರ್ಮಿನಿಂದ ವಾಪಸು ಬಂದೆ. ಕೋಪಕ್ಕೆ ಅಲ್ಲ. ಬರ್ಬೇಡ ಅಂದದ್ದು ನೀನು, ನಿನ್ನ ಟೇಬಲು.

ಇಡ್ತೇನೆ.
ಲೀಲಾಧರ

೩ ಅಕ್ಟೋಬರ್, ಶುಕ್ರವಾರ
ವಾಟ್ಸಾಪ್ ಮೆಸೇಜ್. ಶೈಲೇಶ್, ಲೀಲಾಧರನಿಗೆ

ನಿನ್ನ ಉತ್ತರವನ್ನು ಹಾಗೆಯೇ ಕೋಳಿಯವನಿಗೆ ಹೇಳಿದೆ. ಈ ಸಲ ನಗಲಿಲ್ಲ, ಆದ್ರೆ ಕೇಳಲೂ ಇಲ್ಲ. ಆಮೇಲೆ ಇಲ್ಲಿಯ ನಾಲ್ಕು ಹೋಟೆಲಿನವರು ಒಟ್ಟಿಗೆ ಹೋಗಿ ಹೇಳಿದೆವು, ಬೈಕಿನಲ್ಲಿ ಬಂದ ಕೋಳಿ ಇಳಿಸಿಕೊಳ್ಳುದಿಲ್ಲ ಅಂತ. ದಸರಾ ಮರುದಿನದಿಂದ ಟೆಂಪೋ, ಪೆಟ್ಟಿಗೆ. ಇವತ್ತು ಬಂತು. ಕೋಳಿಗಳು ನಿಂತುಕೊಂಡು ಬಂದವು. ನೋಡ್ಲಿಕ್ಕೆ ವಿಚಿತ್ರ ಆಯ್ತು, ಗಿರಾಕಿಗಳ ಹಾಗೆ ಆಚೆ ಈಚೆ ನೋಡ್ತಾ ಇದ್ದವು.

ನಿನಗಾಗಿ ಮಾಡಿದ್ದಲ್ಲ.

ಸಿಡ್ಕೋದವರು ಪುನಃ ಕೇಳಿದರು, ಭಾನುವಾರದವರು ಈಗ ಯಾಕೆ ಬರುದಿಲ್ಲ ಅಂತ. ಆ ಬೋರ್ಡಿನಲ್ಲಿ ಇದ್ದದ್ದು ಅವನೇ, ನನ್ನ ದೋಸ್ತಿ, ಅಂದೆ.
ಶೈಲೇಶ್

೫ ಅಕ್ಟೋಬರ್, ಭಾನುವಾರ
ವಾಯ್ಸ್ ನೋಟ್. ಲೀಲಾಧರ, ಶೈಲೇಶನಿಗೆ

ಶೈಲೇಶ, ಇದನ್ನು ರಸ್ತೆಯಿಂದ ಮಾಡ್ತಾ ಇದ್ದೇನೆ, ಗಾಡಿ ಸದ್ದು ಇದ್ರೆ ಸಹಿಸಿಕೋ. ನೀನು ಬಾ ಅಂತ ಬರೆದಿಲ್ಲ. ಮೂರು ಸಲ ಓದಿದೆ, ಎಲ್ಲೂ ಬಾ ಅಂತ ಇಲ್ಲ. ಆದ್ರೂ ದೋಸ್ತಿ ಅಂತ ಉಂಟಲ್ಲ, ಅದರಲ್ಲೇ ರೈಲು ಹತ್ತಿದೆ. ಮೆಗಾಬ್ಲಾಕ್ ಇತ್ತು, ತುರ್ಭೆಯಲ್ಲಿ ಇಳಿದು ಬಸ್ ಹಿಡಿದೆ. ಬೆವರು ಇಳೀತಾ ಉಂಟು.

ಈಗ ಎಲ್ಲಿ ನಿಂತಿದ್ದೇನೆ ಅಂತ ಹೇಳು ನೋಡುವ. ನಿನ್ನ ಹೋಟೆಲಿನ ಎದುರು. ಸರಿಯಾಗಿ ಆ ಬೋರ್ಡು ಹಿಡ್ಕೊಂಡು ನಿಂತಿದ್ರಲ್ಲ, ಅದೇ ಜಾಗದಲ್ಲಿ. ಇವತ್ತು ನಾಲ್ಕು ಅಡಿಯದ್ದಲ್ಲ, ಐದೂವರೆ ಅಡಿಯದ್ದು, ಮಾತಾಡುವಂಥದ್ದು. ಗಾಜಿನ ಬಾಗಿಲಿನಲ್ಲಿ ಮೂಲೆ ಟೇಬಲು ಕಾಣ್ತದೆ. ಖಾಲಿ ಉಂಟು. ಮೇಲೆ ಎರಡು ನೀರಿನ ಗ್ಲಾಸು ಇಟ್ಟ ಹಾಗೆ ಕಾಣ್ತದೆ. ಅದು ಯಾರಿಗೆ ಇಟ್ಟದ್ದು ಅಂತ ಗೊತ್ತಾಗದೆ ನಾನು ಒಳಗೆ ಬರುದು ಹೇಗೆ?

ಹಾಗಾಗಿ ಮೊದಲು ಹೇಳಿ ಬಿಡ್ತೇನೆ. ಮುಂದಿನ ಗಟಾರಿಗೆ ಸೋನಾಲಿ ಪುನಃ ಬರ್ತಾಳೆ, ನನ್ನ ಹತ್ತಿರ ಹೇಳಿದ್ದಾಳೆ. ಒಂದು ಪೆಟ್ಟಿಗೆಯಲ್ಲಿ ಎಷ್ಟು ಕೋಳಿ ತುಂಬಿಸ್ತಾರೆ ಅಂತ ಈಗಲೇ ಕೇಳ್ಲಿಕ್ಕೆ ಶುರು ಮಾಡಿದ್ದಾಳೆ. ಬರ್ಲಿ. ಅವಳಿಗೆ ಕುರ್ಚಿ ಹಾಕಿ ಲಿಂಬೆ ಶರಬತ್ತು ಕೊಡು, ಅದರಲ್ಲಿ ಹಾಲು ಇಲ್ಲ. ಅವಳು ಹೊರಗಿನಿಂದ ಕೇಳ್ಲಿ, ನಾನು ಒಳಗಿನಿಂದ ಕೇಳ್ತೇನೆ, ಬಾಯಿ ತುಂಬ ಅನ್ನ ಇಟ್ಕೊಂಡು. ದೇವರು ಬಾಯಿ ಕೊಟ್ಟದ್ದು ಎರಡೂ ಕೆಲಸಕ್ಕೆ ಅಲ್ವಾ. ನಾನು ಇಷ್ಟು ವರ್ಷ ಗಂಟೆಗಟ್ಟಲೆ ಮಾತಾಡಿದ್ದೇನೆ, ತಟ್ಟೆಗೆ ಬಂದದ್ದು ಹೇಗೆ ಬಂತು ಅಂತ ಅದೊಂದು ಬಿಟ್ಟು. ಇನ್ನು ಅದನ್ನೂ ಕೇಳ್ತೇನೆ. ನಿನಗೆ ಪಿರಿಪಿರಿ ಆಗ್ತದೆ. ಆಗ್ಲಿ. ಮತ್ತೆ, ಇವತ್ತು ಕೋಳಿ ಸುಕ್ಕ ಇದ್ರೆ ನಾನು…

ಇರು, ನಿನ್ನ ವೇಟರ್ ಬಾಗಿಲು ತೆಗೆದ. ನಿನ್ನ ಸ್ವರ ಕೇಳ್ತದೆ, ಗಲ್ಲೆಯಿಂದ. ಎಂತ ಹೇಳ್ತಿ? ಏ, ಎಲ್ಲರೂ ನನ್ನನ್ನೇ ನೋಡ್ತಾರೆ! "ಹೊರಗೆ ಒಂದು ವೆಜ್ ನಿಂತಿದೆ, ಪ್ಯೂರ್ ಅಲ್ಲದ್ದು, ಒಳಗೆ ಕರೀರಿ, ಬಂಗುಡೆ ತಣೀತದೆ" ಅಂತಾ? ಇಡೀ ಬೇಲಾಪುರಕ್ಕೆ ಕೇಳಿತು ಮಾರಾಯ! ಬಂದೆ, ಬಂದೆ, ಚಪ್ಪಲಿ ಸಿಕ್ಕಿಕೊಂಡಿತು… ಅಲ್ಲ ಶೈಲೇಶ, ನೀನೇ ಕರೆದ ಮೇಲೆ ಈ ವಾಯ್ಸನ್ನು ಇನ್ನು ಯಾರಿಗೆ ಕಳಿಸುದು? ಇಡ್ತೇನೆ.